ಗೋಡೌನಿನಲ್ಲಿ ತಿಮಿಂಗಿಲದ ‘ವಾಂತಿ’ ಇದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕು. ಆರು ಎಕರೆ ಕಾಫಿ, ಜೊತೆಗೆ ಮೆಣಸು. ನನ್ನ ಭಾಮೈದ ಮಲ್ಪೆಯಲ್ಲಿ ಆಳ ಸಮುದ್ರದ ಬೋಟಿಗೆ ಹೋಗುತ್ತಾನೆ. ಮೂರು ತಿಂಗಳ ಹಿಂದೆ ಊರಿಗೆ ಬಂದವನು ಒಂದು ಪ್ಲಾಸ್ಟಿಕ್ ಡಬ್ಬವನ್ನು ನಮ್ಮ ಕಾಫಿ ಗೋಡೌನಿನಲ್ಲಿ ಇಟ್ಟು ಹೋದ. ಒಳಗೆ ಬೂದು ಬಣ್ಣದ ಗಟ್ಟಿ, ಸುಮಾರು ಎರಡು ಕೆ.ಜಿ. ಇರಬಹುದು. ಸಮುದ್ರದಲ್ಲಿ ತೇಲುತ್ತಿತ್ತಂತೆ. ‘ತಿಮಿಂಗಿಲದ ವಾಂತಿ, ಜೋಪಾನ’ ಅಂದ. ಹೋದ ವಾರ ಹಾಸನದಿಂದ ಇಬ್ಬರು ಬಂದು ಕೆ.ಜಿ.ಗೆ ಒಂದು ಕೋಟಿ ಕೊಡ್ತೀವಿ ಅಂದರು. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಪೇಪರಿನಲ್ಲಿ ಇಂಥವರನ್ನು ಹಿಡಿದ ಸುದ್ದಿ ಬರುತ್ತಲೇ ಇದೆ. ತಿಮಿಂಗಿಲ ತಾನಾಗಿ ಕಕ್ಕಿದ್ದನ್ನು ಎತ್ತಿಕೊಂಡರೆ ತಪ್ಪೇನು? ನಾವು ಯಾವ ಪ್ರಾಣಿಯನ್ನೂ ಕೊಂದಿಲ್ಲ ಅಲ್ವಾ? ಜನರನ್ನು ಹಿಡಿಯೋದು ಬಿಟ್ಟರೆ ತಿಮಿಂಗಿಲಕ್ಕೆ ಅಂತ ಸರ್ಕಾರ ಏನಾದರೂ ಮಾಡಿದೆಯಾ? ಹೇಮಾವತಿಗೆ ಎಸೆದು ಕೈ ತೊಳೆದುಕೊಳ್ಳಲಾ?
(ಹೆಸರು ಬೇಡ, ಮೂಡಿಗೆರೆ ತಾಲ್ಲೂಕು)

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಎಸೆಯಬೇಡಿ. ಮಾರಲೂ ಬೇಡಿ. ಇದನ್ನು ಓದಿ ಮುಗಿಸುವವರೆಗೆ ಆ ಡಬ್ಬದ ಮುಚ್ಚಳ ತೆಗೆಯುವುದೂ ಬೇಡ.

ನಾನು ಆಲೂರು ಕಡೆಯವನು. ಸಮುದ್ರದ ಸಸ್ತನಿಗಳ ಕೆಲಸದಲ್ಲೇ ತಲೆ ಬೆಳ್ಳಗಾಯಿತು. ಈಗ ನಿವೃತ್ತನಾಗಿ ಹಾಸನದಲ್ಲಿದ್ದೇನೆ. ಸಮುದ್ರದಿಂದ ಇಷ್ಟು ದೂರ ಬಂದ ಮೇಲೆ ತಿಮಿಂಗಿಲದ ವಿಷಯ ಯಾರು ಕೇಳುತ್ತಾರೆ ಅಂದುಕೊಂಡಿದ್ದೆ. ಆದರೆ ಕರಾವಳಿಯಲ್ಲಿ ಇದ್ದಾಗ ಕೇಳಿದ್ದಕ್ಕಿಂತ ಜಾಸ್ತಿ ಜನ ಇಲ್ಲಿ ಕೇಳಿದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ, ಇದೇ ಗಟ್ಟಿ.

ನೀವು ಕೇಳಿದ್ದರಲ್ಲಿ ಮೂರು ವಿಷಯ ಸೇರಿಕೊಂಡಿವೆ. ಆ ವಸ್ತು ಏನು, ಅದನ್ನು ಇಟ್ಟುಕೊಂಡರೆ ಅಪರಾಧ ಯಾಕೆ, ಸರ್ಕಾರ ತಿಮಿಂಗಿಲಕ್ಕೆ ಏನು ಮಾಡುತ್ತಿದೆ. ಮೂರನೆಯದು ಸುಮ್ನೆ ಸಿಟ್ಟಿನಲ್ಲಿ ಕೇಳಿದ ಹಾಗಿದೆ. ಆದರೆ ನಿಮ್ಮ ಡಬ್ಬಕ್ಕೂ ಅದಕ್ಕೂ ನೇರ ಸಂಬಂಧ ಇದೆ.

ಮೊದಲು ವಸ್ತು. ಅದು ವಾಂತಿ ಅಲ್ಲ. ಅದರ ಹೆಸರು ಅಂಬರ್‌ಗ್ರೀಸ್, ಆಗುವುದು ಸ್ಪರ್ಮ್ ತಿಮಿಂಗಿಲ ಎಂಬ ಜಾತಿಯ ಕರುಳಿನಲ್ಲಿ. ಆ ತಿಮಿಂಗಿಲದ ಮುಖ್ಯ ಆಹಾರ ಬೊಂಡಾಸ್, ಅಂದರೆ ಸ್ಕ್ವಿಡ್. ಬೊಂಡಾಸ್‌ಗೆ ಗಿಳಿಯ ಕೊಕ್ಕಿನಂಥ ಗಟ್ಟಿ ಬಾಯಿ ಇರುತ್ತದೆ, ಅದು ಜೀರ್ಣವಾಗುವುದಿಲ್ಲ. ಹೊಟ್ಟೆಯಲ್ಲಿ ಉಳಿದ ಕೊಕ್ಕುಗಳನ್ನು ತಿಮಿಂಗಿಲ ಆಗಾಗ ಕಕ್ಕುತ್ತದೆ. ಅದೇ ನಿಜವಾದ ವಾಂತಿ, ಅದಕ್ಕೆ ಯಾರೂ ಮೂರು ಕಾಸು ಕೊಡುವುದಿಲ್ಲ. ಅಪರೂಪಕ್ಕೆ ಕೊಕ್ಕುಗಳು ತಪ್ಪಿಸಿಕೊಂಡು ಕರುಳಿಗೆ ಇಳಿಯುತ್ತವೆ. ಅಲ್ಲಿ ಅವುಗಳ ಸುತ್ತ ಮೇಣದಂಥ ವಸ್ತು ಪದರ ಪದರವಾಗಿ ಕೂರುತ್ತದೆ. ನೂರು ತಿಮಿಂಗಿಲದಲ್ಲಿ ಒಂದರಿಂದ ಐದರಲ್ಲಿ ಮಾತ್ರ ಹೀಗಾಗುತ್ತದೆ ಎಂಬ ಲೆಕ್ಕ ಇದೆ. ಹೊರಗೆ ಬರುವುದು ಹೆಚ್ಚಾಗಿ ಹಿಂದಿನ ದಾರಿಯಿಂದ. ಹಾಗಾಗಿ ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅದು ಲದ್ದಿಯ ಜಾತಿ. ಹೊಸದು ಕಪ್ಪಗೆ, ಮೆತ್ತಗೆ, ಸಗಣಿ ವಾಸನೆಯೊಂದಿಗೆ ಇರುತ್ತದೆ. ವರ್ಷಗಟ್ಟಲೆ ಉಪ್ಪುನೀರು, ಬಿಸಿಲು ಕುಡಿದ ಮೇಲೆ ಬೂದು ಬಣ್ಣಕ್ಕೆ ತಿರುಗಿ ಅತ್ತರಿನವರು ಹುಡುಕುವ ಪರಿಮಳ ಬರುತ್ತದೆ. ಕೆಲವು ಗಟ್ಟಿಗಳ ವಯಸ್ಸು ಅಳೆದಾಗ ಸಾವಿರ ವರ್ಷದಷ್ಟು ಹಳೆಯವೂ ಸಿಕ್ಕಿವೆ.

ಕೆಲವು ಸಲ ಅದು ಹೊರಗೇ ಬರುವುದಿಲ್ಲ. 2023ರಲ್ಲಿ ಸ್ಪೇನಿನ ಲಾ ಪಾಲ್ಮಾ ದ್ವೀಪದಲ್ಲಿ ಸತ್ತ ಸ್ಪರ್ಮ್ ತಿಮಿಂಗಿಲವೊಂದು ದಡಕ್ಕೆ ಬಂತು. ಕೊಯ್ದು ನೋಡಿದರೆ ಕರುಳಿನಲ್ಲಿ ಒಂಬತ್ತೂವರೆ ಕೆ.ಜಿ. ಅಂಬರ್‌ಗ್ರೀಸ್ ಸಿಕ್ಕಿಕೊಂಡಿತ್ತು. ಪ್ರಾಣಿ ಸತ್ತದ್ದೇ ಅದರಿಂದ, ಸೋಂಕಾಗಿ.

ಇನ್ನು ರೇಟು. ಕೆ.ಜಿ.ಗೆ ಒಂದು ಕೋಟಿ, ಎರಡು ಕೋಟಿ ಎಂಬ ಅಂಕಿಗಳು ಹುಟ್ಟುವುದು ದಲ್ಲಾಳಿಯ ಬಾಯಲ್ಲಿ. ಹಿಡಿದ ದಿನ ಅದೇ ಅಂಕಿ ಪತ್ರಿಕೆಗೂ ಹೋಗುತ್ತದೆ, ಓದಿದವರು ಇನ್ನೊಂದು ಗಟ್ಟಿ ಹುಡುಕಲು ಹೊರಡುತ್ತಾರೆ. ನಿಜವಾಗಿ ನಡೆದ ಒಂದು ವ್ಯಾಪಾರ ನೋಡಿ. 2021ರಲ್ಲಿ ಯೆಮೆನ್ ದೇಶದ 35 ಮೀನುಗಾರರಿಗೆ ಏಡನ್ ಕೊಲ್ಲಿಯಲ್ಲಿ ತೇಲುತ್ತಿದ್ದ ಸತ್ತ ತಿಮಿಂಗಿಲ ಸಿಕ್ಕಿತು. ಹೊಟ್ಟೆ ಬಗೆದಾಗ 127 ಕೆ.ಜಿ. ಅಂಬರ್‌ಗ್ರೀಸ್. ಅದು ಸುಮಾರು 15 ಲಕ್ಷ ಡಾಲರಿಗೆ ಹೋಯಿತು. ಭಾಗಿಸಿ ನೋಡಿ, ಆಗಿನ ಲೆಕ್ಕದಲ್ಲಿ ಕೆ.ಜಿ.ಗೆ ಎಂಟೂವರೆ ಲಕ್ಷ ರೂಪಾಯಿಯ ಆಸುಪಾಸು. ಅದೂ ಮಾರಾಟಕ್ಕೆ ಅಡ್ಡಿ ಇಲ್ಲದ ಕಡೆ. ಹಾಸನದಿಂದ ಮೂಡಿಗೆರೆಗೆ ಕಾರಿನಲ್ಲಿ ಬಂದು ಒಂದು ಕೋಟಿ ಅನ್ನುವವನು ಒಂದೋ ನಿಮ್ಮನ್ನು ಮುಳುಗಿಸುವವನು, ಇಲ್ಲವೇ ಅವನೇ ಬೇರೆಯವರಿಂದ ಮುಳುಗಿದವನು. ಮಾರುವೇಷದ ಪೊಲೀಸರೂ ಆಗಿರಬಹುದು. ಇಂಥ ಬಹಳಷ್ಟು ಪ್ರಕರಣಗಳನ್ನು ಅವರು ಹಿಡಿಯುವುದು ಗಿರಾಕಿಯ ವೇಷದಲ್ಲೇ.

ಇನ್ನೊಂದು ಸಾಧ್ಯತೆ, ನಿಮ್ಮದು ಅಂಬರ್‌ಗ್ರೀಸ್ ಅಲ್ಲವೇ ಅಲ್ಲದಿರಬಹುದು. ನನ್ನ ಮುಂದೆ ಬಂದ ಗಟ್ಟಿಗಳಲ್ಲಿ ಮೇಣ ಇತ್ತು, ಹಡಗಿನಿಂದ ಚೆಲ್ಲಿದ ಪಾಮ್ ಎಣ್ಣೆ ಹೆಪ್ಪುಗಟ್ಟಿದ್ದು ಇತ್ತು, ಕೊಳೆತ ರಬ್ಬರ್ ಇತ್ತು. ಒಂದು ಸಲ ಒಬ್ಬರು ಬಹಳ ಭಕ್ತಿಯಿಂದ ಬಟ್ಟೆ ಬಿಚ್ಚಿ ತೋರಿಸಿದ್ದು ಗೋಡೆಗೆ ಹಚ್ಚುವ ಪುಟ್ಟಿಯ ಉಂಡೆ! ಕಾದ ಸೂಜಿ ಚುಚ್ಚಿ ನೋಡಿ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ. ಅಂಬರ್‌ಗ್ರೀಸ್ ಕರಗುವುದು ಅರವತ್ತು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ. ಮೇಣದಬತ್ತಿಯ ಮೇಣವೂ ಹೆಚ್ಚು ಕಡಿಮೆ ಅಷ್ಟಕ್ಕೇ ಕರಗುತ್ತದೆ. ಸೂಜಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಪ್ರಯೋಗಾಲಯದಲ್ಲಿ ರಾಸಾಯನಿಕ ಪರೀಕ್ಷೆ, ಡಿಎನ್‌ಎ ಪರೀಕ್ಷೆ ಆಗಬೇಕು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಂಥ ಕಡೆ ಮಾದರಿ ಹೋಗಿ ವರದಿ ಬರುವ ಹೊತ್ತಿಗೆ ತಿಂಗಳುಗಳಾಗಬಹುದು. ಅಷ್ಟು ದಿನ ಒಳಗಿದ್ದು, ಆಮೇಲೆ ‘ಅದು ಮೇಣ’ ಎಂದು ವರದಿ ಬಂದರೆ ಹೇಗಿರುತ್ತದೆ ಯೋಚಿಸಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕೊಂದಿಲ್ಲ, ತೇಲುತ್ತಿದ್ದದ್ದನ್ನು ಎತ್ತಿಕೊಂಡದ್ದು. ತಪ್ಪೇನು?

ನ್ಯಾಯವಾದ ಪ್ರಶ್ನೆ ಇದು. ಎಲ್ಲ ದೇಶಗಳೂ ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಬ್ರಿಟನ್, ನ್ಯೂಜಿಲೆಂಡಿನಲ್ಲಿ ದಡದಲ್ಲಿ ಸಿಕ್ಕಿದ್ದನ್ನು ಮಾರಬಹುದು. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಆಗದು. ಭಾರತವೂ ಬೇಡ ಅಂದಿದೆ. ಯಾಕೆ ಅನ್ನುವುದು ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. ನಿಮ್ಮ ಕಡೆಯ ಹಳೇ ತೊಟ್ಟಿಮನೆಗಳ ಜಗಲಿಯಲ್ಲಿ ಕಡವೆ ಕೊಂಬು ನೇತು ಹಾಕಿರುವುದನ್ನು ನೋಡಿದ್ದೀರಲ್ಲ? ಕಡವೆ, ಜಿಂಕೆಗಳ ಕೊಂಬು ತಾನಾಗಿ ಉದುರುತ್ತದೆ. ಕಾಡಿನಲ್ಲಿ ಬಿದ್ದಿರುತ್ತದೆ. ಆದರೂ ಅದನ್ನು ತಂದು ಮಾರುವಂತಿಲ್ಲ. ಉದುರಿದ ಕೊಂಬನ್ನು ಕೊಳ್ಳುವ ಅಂಗಡಿ ಒಂದು ತೆರೆದರೆ ಉದುರುವವರೆಗೆ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಗಲಾಟೆ ಎದ್ದಾಗ ಎಷ್ಟು ಮನೆಗಳಲ್ಲಿ ಅಜ್ಜನ ಕಾಲದ ಪದಕ ಅಟ್ಟ ಸೇರಿತು ಅಂತ ನಿಮಗೂ ಗೊತ್ತು. ಅಂಬರ್‌ಗ್ರೀಸ್ ವಿಷಯವೂ ಹಾಗೇ. ತೇಲಿ ಬಂದದ್ದೋ, ಹೊಟ್ಟೆ ಬಗೆದು ತೆಗೆದದ್ದೋ, ಡಬ್ಬದಲ್ಲಿ ಕೂತ ಮೇಲೆ ಹೇಳುವುದು ಕಷ್ಟ. ಯೆಮೆನ್‌ನಲ್ಲಿ ಸಿಕ್ಕಿದ್ದು ಸತ್ತ ತಿಮಿಂಗಿಲ. ಮುಂದಿನ ಬೋಟಿನವನಿಗೆ ಸಿಕ್ಕಿದ್ದು ಬಲೆಯಲ್ಲಿ ಸುತ್ತಿಕೊಂಡು ಇನ್ನೂ ಉಸಿರಾಡುತ್ತಿರುವ ತಿಮಿಂಗಿಲವಾದರೆ? ಕೋಟಿ ಬೆಲೆಯ ಸುದ್ದಿ ಕೇಳಿದವನು ಬಲೆ ಕತ್ತರಿಸುತ್ತಾನಾ, ಕಾಯುತ್ತಾನಾ?

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಚುಟುಕಾಗಿ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಸ್ಪರ್ಮ್ ತಿಮಿಂಗಿಲ ಈಗ ಹುಲಿ, ಆನೆಯ ಸಾಲಿನಲ್ಲಿ, ಒಂದನೇ ಪಟ್ಟಿಯಲ್ಲಿದೆ. ಈ ಪಟ್ಟಿಯ ಪ್ರಾಣಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ದಂಡ 25 ಸಾವಿರಕ್ಕೆ ಕಡಿಮೆ ಇಲ್ಲ. 39ನೇ ಕಲಮಿನ ಪ್ರಕಾರ ಇಂಥ ವಸ್ತು ಸರ್ಕಾರದ ಸ್ವತ್ತು. ಹೇಗೆ ಕೈಗೆ ಬಂದಿದ್ದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಇರುವ ಅಧಿಕಾರಿಗೋ ತಿಳಿಸಬೇಕು. ಸಂಶಯದ ಲಾಭವೂ ಇಟ್ಟುಕೊಂಡವರಿಗೆ ಸುಲಭವಾಗಿ ಸಿಗದು. ಅಕ್ರಮವಲ್ಲ ಅಂತ ತೋರಿಸುವ ಹೊಣೆ ಅವರ ಮೇಲೇ ಬೀಳುತ್ತದೆ. ‘ಇದು ಪ್ರಾಣಿಯ ಮಲ, ಅಂಗವಲ್ಲ’ ಎಂದು ವಕೀಲರು ಕೋರ್ಟಿನಲ್ಲಿ ವಾದಿಸುತ್ತಾರೆ. ವಾದಿಸಲಿ. ಆ ವಾದ ಗೆಲ್ಲುತ್ತದೆ ಅಂತ ನಂಬಿ ನೀವು ಡಬ್ಬ ಇಟ್ಟುಕೊಳ್ಳಬೇಡಿ.

ಸರ್ಕಾರ ಏನು ಮಾಡಿದೆ ಅಂತ ಕೇಳಿದಿರಿ. ಮಾಡಿದೆ. ಸಾಕಷ್ಟು ಮಾಡಿದೆಯಾ ಅಂದರೆ ಇಲ್ಲ.

ಹಳೆಯ ಕೆಲಸ ಹೆಚ್ಚಾಗಿ ಕಾಗದದ ಮೇಲಿನದು. ಆದರೆ ಕಾಗದಕ್ಕೂ ಬೆಲೆ ಇದೆ. 1979ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಹಿಂದೂ ಮಹಾಸಾಗರವನ್ನು ಅಭಯಧಾಮ ಅಂತ ಘೋಷಿಸಿತು. 1981ರಲ್ಲಿ ಭಾರತ ಆಯೋಗದ ಸದಸ್ಯ ಆಯಿತು. 1982ರಲ್ಲಿ ವ್ಯಾಪಾರಕ್ಕಾಗಿ ತಿಮಿಂಗಿಲ ಬೇಟೆ ನಿಲ್ಲಿಸಲು ಆಯೋಗ ತೀರ್ಮಾನಿಸಿತು. ಅದಕ್ಕೆ ಮೊದಲು ನಮ್ಮ ಪಕ್ಕದಲ್ಲೇ ಏನಾಗಿತ್ತು ಗೊತ್ತಾ? 1966ರ ಆಸುಪಾಸಿನಲ್ಲಿ ಸೋವಿಯತ್ ಹಡಗುಗಳು ಕದ್ದುಮುಚ್ಚಿ ಅರಬ್ಬಿ ಸಮುದ್ರದಲ್ಲಿ 242 ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ಕೊಂದವು. ಒಮಾನ್, ಪಾಕಿಸ್ತಾನ, ಭಾರತದ ವಾಯವ್ಯ ತೀರದ ಆಚೆ. ವಿಷಯ ಹೊರಬಿದ್ದದ್ದು ಸೋವಿಯತ್ ಒಕ್ಕೂಟ ಒಡೆದ ಮೇಲೆ. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ಬೇರೆ ಸಮುದ್ರದವುಗಳ ಹಾಗೆ ಧ್ರುವದ ಕಡೆ ವಲಸೆ ಹೋಗುವುದಿಲ್ಲ, ಇಲ್ಲೇ ಇರುತ್ತದೆ. ಆ ಗುಂಪು ಇವತ್ತಿಗೂ ಚೇತರಿಸಿಕೊಂಡಿಲ್ಲ.

ಸಮುದ್ರಕ್ಕೆ ಇಳಿದು ನೋಡುವ ಕೆಲಸ ಶುರುವಾದದ್ದು ತಡವಾಗಿ. 2003ರಿಂದ 2007ರವರೆಗೆ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ‘ಸಾಗರ ಸಂಪದಾ’ ಹಡಗಿನಲ್ಲಿ ಕೂತು ಕಂಡ ತಿಮಿಂಗಿಲ, ಡಾಲ್ಫಿನ್‌ಗಳನ್ನೆಲ್ಲ ಬರೆದಿಟ್ಟರು. ಈ ಸಂಸ್ಥೆ ಕೊಚ್ಚಿಯದು, ಮಂಗಳೂರಿನಲ್ಲೂ ಕಾರವಾರದಲ್ಲೂ ಅದರ ಕೇಂದ್ರಗಳಿವೆ. 2020ರ ಆಗಸ್ಟ್ 15ರಂದು ಡಾಲ್ಫಿನ್‌ಗಳ ರಕ್ಷಣೆಗೆ ಪ್ರಾಜೆಕ್ಟ್ ಡಾಲ್ಫಿನ್ ಎಂಬ ಯೋಜನೆ ಘೋಷಣೆ ಆಯಿತು. 2021ರ ಜನವರಿಯಲ್ಲಿ ದಡಕ್ಕೆ ಬಿದ್ದ ದೊಡ್ಡ ಸಮುದ್ರ ಪ್ರಾಣಿಗಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಕೇಂದ್ರ ಪರಿಸರ ಸಚಿವಾಲಯ ಮಾರ್ಗಸೂಚಿ ತಂದಿತು.

ನನಗೆ ಎಲ್ಲಕ್ಕಿಂತ ಮಜಾ ಅನಿಸುವುದು ಈಚಿನದು. ಅಮೆರಿಕ 2016ರಲ್ಲಿ ಒಂದು ನಿಯಮ ಮಾಡಿತು. ನಮಗೆ ಮೀನು, ಸಿಗಡಿ ಮಾರುವ ದೇಶಗಳು ತಮ್ಮ ಬಲೆಗಳಲ್ಲಿ ತಿಮಿಂಗಿಲ, ಡಾಲ್ಫಿನ್ ಸಾಯದಂತೆ ನೋಡಿಕೊಳ್ಳುತ್ತಿವೆ ಅಂತ ತೋರಿಸಬೇಕು, ಇಲ್ಲದಿದ್ದರೆ ಮಾಲು ಬೇಡ ಎಂದು. ಮುಂದೂಡುತ್ತ ಮುಂದೂಡುತ್ತ ಕೊನೆಗೆ 2026ರ ಜನವರಿ 1 ಎಂದು ನಿಂತಿತು. ತೋರಿಸಬೇಕಾದರೆ ನಮ್ಮ ನೀರಿನಲ್ಲಿ ಎಷ್ಟು ಪ್ರಾಣಿ ಇವೆ ಅನ್ನುವುದು ಮೊದಲು ಗೊತ್ತಿರಬೇಕಲ್ಲ? ಆಗ ಸಾಗರೋತ್ಪನ್ನ ರಫ್ತು ಪ್ರಾಧಿಕಾರ ದುಡ್ಡು ಬಿಚ್ಚಿತು. ಕೊಚ್ಚಿಯ ಅದೇ ಸಂಶೋಧನಾ ಸಂಸ್ಥೆ ಮತ್ತು ಫಿಷರಿ ಸರ್ವೆ ಆಫ್ ಇಂಡಿಯಾ ಸೇರಿ 18 ಜಾತಿಯ ಸಮುದ್ರ ಸಸ್ತನಿಗಳ ಲೆಕ್ಕಕ್ಕೆ ಹೊರಟವು. ಪ್ರೀತಿಯಿಂದ ಆಗದ ಗಣತಿ ಸಿಗಡಿಯಿಂದ ಆಯಿತು. ನಾನು ದೂರುತ್ತಿಲ್ಲ. ಆಯಿತಲ್ಲ, ಅಷ್ಟು ಸಾಕು.

ಗಣತಿ ಯಾಕೆ ಇಷ್ಟು ಕಷ್ಟ ಅಂತ ಆನೆ ಉದಾಹರಣೆಯಿಂದ ಹೇಳುತ್ತೇನೆ. 2023ರ ಅಂದಾಜಿನಲ್ಲಿ ಕರ್ನಾಟಕದ ಆನೆ 6,395. ಆ ಸಂಖ್ಯೆಗೆ ಅರಣ್ಯದವರು ಬೀಟ್ ಬೀಟ್ ನಡೆದಿದ್ದಾರೆ, ನೇರವಾಗಿ ಎಣಿಸಿದ್ದಾರೆ, ಲದ್ದಿಯನ್ನೂ ಎಣಿಸಿದ್ದಾರೆ. ಸಮುದ್ರದಲ್ಲಿ ಹಾಗಲ್ಲ. ಭಾರತದ ಹಕ್ಕಿನ ನೀರು ದಡದಿಂದ 370 ಕಿ.ಮೀ. ದೂರದವರೆಗೆ. ಒಟ್ಟು 20 ಲಕ್ಷ ಚದರ ಕಿ.ಮೀ.ಗೂ ಜಾಸ್ತಿ, ಅಂದರೆ ಹತ್ತು ಕರ್ನಾಟಕ. ಸ್ಪರ್ಮ್ ತಿಮಿಂಗಿಲ ಒಂದು ಸಲ ಮುಳುಗಿದರೆ ಮುಕ್ಕಾಲು ಗಂಟೆ, ಒಂದು ಗಂಟೆ ಮೇಲೆ ಬರುವುದಿಲ್ಲ. ಅಷ್ಟರಲ್ಲಿ ಹಡಗು ಹದಿನೈದು ಇಪ್ಪತ್ತು ಕಿಲೋಮೀಟರ್ ಹೋಗಿಬಿಟ್ಟಿರುತ್ತದೆ. ಹಡಗಿನ ಮೇಲೆ ದುರ್ಬೀನು ಹಿಡಿದು ಎಂಟು ದಿನ ಕೂತು ಒಂದೂ ಕಾಣದೆ ಇಳಿದದ್ದು ನನಗೆ ಎಷ್ಟು ಸಲವೋ.

ಇನ್ನೊಂದು, ಅವು ಮೀನುಗಾರರ ದಾರಿಯಲ್ಲಿ ಸುಲಭವಾಗಿ ಸಿಗುವ ಪ್ರಾಣಿ ಅಲ್ಲ. ಮಲ್ಪೆಯಿಂದ ಪಶ್ಚಿಮಕ್ಕೆ ಹೋದರೆ ಎಂಬತ್ತು ನೂರು ಕಿ.ಮೀ. ಸಮುದ್ರದ ತಳ ಬಯಲುಸೀಮೆಯ ಹಾಗೆ ಮೆಲ್ಲಗೆ ಇಳಿಯುತ್ತದೆ. ಆಮೇಲೆ ಒಮ್ಮೆಲೇ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದ ಹಾಗೆ ಕಡಿದು ಬೀಳುತ್ತದೆ. ಸ್ಪರ್ಮ್ ತಿಮಿಂಗಿಲ ಇರುವುದು ಆ ಘಾಟಿಯ ಆಚೆ, ಸಾವಿರ ಮೀಟರ್ ಆಳದಲ್ಲಿ ಬೊಂಡಾಸ್ ಹುಡುಕುತ್ತ. ರಾಜ್ಯದ ಅರಣ್ಯ ಇಲಾಖೆಯ ಕೈಗೆ ಎಟುಕುವುದು ದಡದ ಹತ್ತಿರದ ನೀರು. ದೇಶದ ಗಡಿಯಂತೆ ಲೆಕ್ಕಕ್ಕೆ ಬರುವ ಪಟ್ಟಿಯೇ 22 ಕಿ.ಮೀ. ಅಗಲ. ಆಚೆಗೆ ಕರಾವಳಿ ಕಾವಲು ಪಡೆ ಇದೆ, ಅವರಿಗೆ ನೂರೆಂಟು ಕೆಲಸ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅಂತಾರಲ್ಲ, ತಿಮಿಂಗಿಲದ ಮಾಹಿತಿಯಲ್ಲಿ ನಮ್ಮ ಕಥೆ ಅದೇ. 2017ರಲ್ಲಿ ಒಮಾನಿನವರು ಉಪಗ್ರಹ ಸಾಧನ ಕಟ್ಟಿದ ಒಂದು ಹೆಣ್ಣು ಹಂಪ್‌ಬ್ಯಾಕ್ ಅರಬ್ಬಿ ಸಮುದ್ರ ದಾಟಿ ಗೋವಾ ಕಡೆ ಬಂದು, ಭಾರತದ ದಕ್ಷಿಣ ತುದಿಯ ಕಡೆಗೆ ಹೋಯಿತು. ನಮ್ಮ ಅಂಗಳಕ್ಕೆ ಬಂದ ನೆಂಟಳ ಸುದ್ದಿಯನ್ನು ಪಕ್ಕದ ಮನೆಯವರು ಹೇಳಬೇಕಾಯಿತು.

ದಡಕ್ಕೆ ಬಿದ್ದ ಪ್ರಾಣಿಯ ಕಥೆ ಇನ್ನೂ ಬೇಸರ. ಒಮ್ಮೆ ಉತ್ತರ ಕನ್ನಡದ ಒಂದು ಕಡಲತೀರಕ್ಕೆ ನಾನು ಓಡಿ ಹೋಗುವಷ್ಟರಲ್ಲಿ ಜೆಸಿಬಿ ಗುಂಡಿ ತೋಡಿ ಮುಗಿಸಿತ್ತು. ಊರಿನವರ ತಪ್ಪಲ್ಲ, ವಾಸನೆ ಹಾಗಿತ್ತು. ನನಗೆ ಸಿಕ್ಕಿದ್ದು ಮೊಬೈಲಿನಲ್ಲಿ ತೆಗೆದ ಎರಡು ಫೋಟೋ, ಮರಳಿನಲ್ಲಿ ಉಳಿದಿದ್ದ ಅಂಗೈಯಷ್ಟು ಚರ್ಮ. ಹೇಗೆ ಸತ್ತಿತು, ಏನು ತಿಂದಿತ್ತು, ಹಡಗು ಬಡಿಯಿತಾ, ಬಲೆ ಸುತ್ತಿತಾ, ಎಲ್ಲ ಮಣ್ಣಾಯಿತು. ಲಾ ಪಾಲ್ಮಾದಲ್ಲಿ ಕೊಯ್ದು ನೋಡಿದ್ದರಿಂದಲೇ ಸಾವಿನ ಕಾರಣ ತಿಳಿಯಿತು ಅನ್ನುವುದನ್ನು ನೆನಪಿಸಿಕೊಳ್ಳಿ. 2021ರ ಮಾರ್ಗಸೂಚಿ ಹೇಳುವುದೂ ಅದನ್ನೇ, ಹೂಳುವ ಮೊದಲು ನೋಡಿ, ಅಳೆಯಿರಿ, ಮಾದರಿ ತೆಗೆಯಿರಿ ಅಂತ.

ಈಗ ನಿಮ್ಮ ಡಬ್ಬಕ್ಕೆ ಬರುತ್ತೇನೆ. ಆನೆ ಲೆಕ್ಕಕ್ಕೆ ಲದ್ದಿ ಎಷ್ಟು ಮುಖ್ಯವೋ ನಮಗೆ ಆ ಗಟ್ಟಿ ಅಷ್ಟು ಮುಖ್ಯ. ಒಳಗೆ ಕೊಕ್ಕು ಉಳಿದಿದ್ದರೆ ಆ ತಿಮಿಂಗಿಲ ಯಾವ ಜಾತಿಯ ಬೊಂಡಾಸ್ ತಿನ್ನುತ್ತಿತ್ತು ಅಂತ ಹೇಳಬಹುದು. ತೇಲಿ ಬಂದ ಅಂಬರ್‌ಗ್ರೀಸಿನಿಂದಲೂ ತಿಮಿಂಗಿಲದ ಡಿಎನ್‌ಎ ತೆಗೆಯಬಹುದು ಅಂತ 2020ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಜೊತೆಗೆ ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು ಅಂತ ಒಂದು ಸಾಲು ಇದ್ದರೆ ಖಾಲಿ ನಕ್ಷೆಯ ಮೇಲೆ ಒಂದು ಚುಕ್ಕಿ ಬೀಳುತ್ತದೆ. ಕಾರಿನ ಡಿಕ್ಕಿಯಲ್ಲಿ ಊರೂರು ತಿರುಗಿ ಸಿಕ್ಕಿಬಿದ್ದ ಗಟ್ಟಿಗೆ ಆ ಸಾಲು ಇರುವುದಿಲ್ಲ. ಅದು ಮುದ್ದೆಮಾಲು ಆಗಿ ಬೀರುವಿನಲ್ಲಿ ಕೂರುತ್ತದೆ, ಅಷ್ಟೇ.

ಹಾಗಾದರೆ ನಿಮ್ಮ ಮುಂದೆ ಇರುವ ದಾರಿ ಯಾವುದು? ಮಾರಾಟದ ಮಾತು ಬಿಡಿ. ಹೇಮಾವತಿಗೆ ಎಸೆಯುವುದು ಸುಲಭ ಅನಿಸುತ್ತದೆ. ಆದರೆ ಆ ಇಬ್ಬರಿಗೆ ನಿಮ್ಮ ಮನೆ ಗೊತ್ತು. ನಾಳೆ ಅವರು ಬೇರೆ ಪ್ರಕರಣದಲ್ಲಿ ಸಿಕ್ಕಿ ನಿಮ್ಮ ಹೆಸರು ಹೇಳಿದರೆ, ಸಾಕ್ಷ್ಯ ನಾಶ ಮಾಡಿದ ಆರೋಪವೂ ಸೇರಿಕೊಳ್ಳುತ್ತದೆ. ಭಾಮೈದನಿಗೇ ವಾಪಸ್ ಕೊಡುವುದೂ ಒಳ್ಳೆಯದಲ್ಲ. ಡಬ್ಬ ಚಾರ್ಮಾಡಿ ಇಳಿಯುವಾಗ ಚೆಕ್‌ಪೋಸ್ಟಿನಲ್ಲಿ ಸಿಕ್ಕಿದರೆ ಅದಕ್ಕೆ ಸಾಗಾಟ ಅಂತ ಹೆಸರು.

ಉಳಿದದ್ದು ಒಪ್ಪಿಸುವುದು. ಅದರಲ್ಲಿ ಅಪಾಯ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. 48 ಗಂಟೆ ಯಾವತ್ತೋ ದಾಟಿದೆ, ಪ್ರಕರಣ ದಾಖಲಾಗಬಹುದು. ತಾವಾಗಿ ತಂದುಕೊಟ್ಟವರ ಹೇಳಿಕೆ ಪಡೆದು ಮರ್ಯಾದೆಯಿಂದ ಕಳಿಸಿದ ಅಧಿಕಾರಿಗಳನ್ನೂ ನೋಡಿದ್ದೇನೆ, ಕಳ್ಳನ ಹಾಗೆ ನಡೆಸಿಕೊಂಡವರನ್ನೂ ನೋಡಿದ್ದೇನೆ. ಅದಕ್ಕೇ ಒಬ್ಬರೇ ಹೋಗಬೇಡಿ. ಮೊದಲು ಕ್ರಿಮಿನಲ್ ಕೇಸು ನಡೆಸುವ ವಕೀಲರೊಬ್ಬರನ್ನು ಕಾಣಿ. ನಾನು ವಿಜ್ಞಾನಿ, ವಕೀಲ ಅಲ್ಲ, ಈ ಹೆಜ್ಜೆಯಲ್ಲಿ ನನ್ನ ಮಾತಿಗಿಂತ ಅವರ ಮಾತು ದೊಡ್ಡದು. ಅವರು ಒಪ್ಪಿದರೆ ವಲಯ ಅರಣ್ಯಾಧಿಕಾರಿಗೆ ಅವರ ಮೂಲಕವೇ ಬರವಣಿಗೆಯಲ್ಲಿ ತಿಳಿಸಿ. ಡಬ್ಬ ಇರುವಲ್ಲೇ ಇರಲಿ, ಅವರೇ ಬಂದು ಮಹಜರು ಮಾಡಿ ತೆಗೆದುಕೊಳ್ಳಲಿ. ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಆ ಇಬ್ಬರು ಫೋನ್ ಮಾಡಿದರೆ ಬೈಯಬೇಡಿ, ಚೌಕಾಸಿಗೂ ಇಳಿಯಬೇಡಿ. ಮೆಸೇಜು ಅಳಿಸಬೇಡಿ, ವಕೀಲರಿಗೆ ತೋರಿಸಿ. ಸ್ವಂತ ಬುದ್ಧಿಯಿಂದ ‘ಹಿಡಿದುಕೊಡುವ’ ಸಾಹಸವೂ ಬೇಡ.

ಭಾಮೈದನಿಗೆ ಸಿಟ್ಟು ಬರುತ್ತದೆ. ಕೋಟಿ ಹೋಯಿತು ಅಂತ ನಾಲ್ಕು ದಿನ ಮಾತು ಬಿಡಬಹುದು. ಆದರೆ ಗಟ್ಟಿ ತೇಲುತ್ತಿತ್ತು ಎಂಬುದಕ್ಕೆ ಈಗ ಇರುವ ಆಧಾರ ಅವನ ಮಾತು, ಆ ಬೋಟು ನಡೆಸುವ ತಂಡೇಲರ ಮಾತು, ಮತ್ತು ಬೋಟಿನ ಜಿಪಿಎಸ್. ಆಳ ಸಮುದ್ರದ ಬೋಟಿನವರು ಬಲೆ ಬಿಟ್ಟ ಜಾಗಗಳ ಗುರುತು ಅದರಲ್ಲಿ ಹಾಕಿಟ್ಟಿರುತ್ತಾರೆ. ಹೊಸ ಸೀಸನ್ನಿಗೆ ಹಳೆಯದನ್ನು ಅಳಿಸುವುದೂ ಉಂಟು. ಆ ಟ್ರಿಪ್ಪಿನ ಗುರುತು ಅಳಿಸಬೇಡಿ ಅಂತ ಇವತ್ತೇ ಅವನಿಗೆ ಹೇಳಿ. ಕೋರ್ಟಿಗೆ ಹೋದರೆ ನಿಮಗೆ ಬೇಕಾಗುವುದು ಅದೇ, ನಕ್ಷೆಗೆ ಚುಕ್ಕಿ ಇಡುವವರು ಕೇಳುವುದೂ ಅದನ್ನೇ.